ಒಂದೇ ಸಾಲು, ಹಲವು ಕಿಟಕಿ: ಆಪತ್ಕಾಲದ ರೇಡಿಯೋ ಜಾಲಗಳು

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾಸರಗೋಡಿನ ಈ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ನಿಸ್ತಂತು ವಿಭಾಗಗಳಲ್ಲಿ ದುಡಿದು ನಿವೃತ್ತರಾದ ನಾವು ಕೆಲವರು ನಿಮ್ಮ ಮುಂದೆ ನಿಂತಿದ್ದೇವೆ. ಭಾಷೆಯ ಬಗೆಗೆ, ಗಡಿಯ ಬಗೆಗೆ ನಮಗಿಂತ ಚೆನ್ನಾಗಿ ಮಾತನಾಡಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ನಮಗೆ ವಹಿಸಿರುವುದು ನಾವು ಬಲ್ಲ ಒಂದು ಸಣ್ಣ ವಿಷಯ. ಪೊಲೀಸ್, ಅಗ್ನಿಶಾಮಕ ದಳ, ಆಂಬುಲೆನ್ಸ್ ಸೇವೆಗಳಿಗೆ ಒಂದೊಂದಕ್ಕೂ ಸ್ವಂತ ರೇಡಿಯೋ ಜಾಲವಿರಬೇಕೆ, ಇಲ್ಲವೆ ಎಲ್ಲವೂ ಹಂಚಿಕೊಳ್ಳುವ ಒಂದೇ ಜಾಲವಿರಬೇಕೆ ಎಂಬುದೇ ಆ ವಿಷಯ.

ಬಹಳ ವರ್ಷಗಳ ಹಿಂದಿನ ಒಂದು ಮಳೆಗಾಲದ ರಾತ್ರಿ. ಹೆದ್ದಾರಿಯಲ್ಲಿ ಅನಿಲದ ಟ್ಯಾಂಕರೊಂದು ಮಗುಚಿತ್ತು. ರಸ್ತೆಯನ್ನು ಇನ್ನಷ್ಟು ದೂರದಿಂದಲೇ ಮುಚ್ಚಬೇಕೆಂದು ಅಗ್ನಿಶಾಮಕದವರು ಪೊಲೀಸರಿಗೆ ತಿಳಿಸಬೇಕಿತ್ತು. ಇಬ್ಬರ ನಡುವಿನ ಅಂತರ ಮೂವತ್ತು ಹೆಜ್ಜೆಗಿಂತ ಹೆಚ್ಚಿರಲಿಲ್ಲ. ಇಬ್ಬರ ಕೈಯಲ್ಲೂ ವೈರ್‌ಲೆಸ್ ಸೆಟ್ಟಿತ್ತು. ಆದರೆ ಸಂದೇಶ ಮೊದಲು ಅಗ್ನಿಶಾಮಕದ ನಿಯಂತ್ರಣ ಕೊಠಡಿಗೆ ಹೋಗಿ, ಅಲ್ಲಿಂದ ದೂರವಾಣಿಯ ಮೂಲಕ ಪೊಲೀಸ್ ನಿಯಂತ್ರಣ ಕೊಠಡಿಗೆ ದಾಟಿ, ಅಲ್ಲಿಂದ ಮರಳಿ ಅದೇ ಸ್ಥಳಕ್ಕೆ ಬರಬೇಕಿತ್ತು. ಅದು ಬಂದು ಮುಟ್ಟುವ ಮೊದಲೇ ಸಿಬ್ಬಂದಿಯೊಬ್ಬರು ಮಳೆಯಲ್ಲಿ ಓಡಿಹೋಗಿ ಬಾಯಿಮಾತಿನಲ್ಲಿ ಹೇಳಿದರು. ಸೆಟ್ಟುಗಳನ್ನು ಸುಸ್ಥಿತಿಯಲ್ಲಿ ಇಟ್ಟವರು ನಾವೇ. ಎರಡೂ ಸೆಟ್ಟುಗಳು ಆ ರಾತ್ರಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು.

ಹಂಚಿಕೆಯ ಜಾಲಕ್ಕೆ ಟ್ರಂಕ್ಡ್ ರೇಡಿಯೋ ಎಂದು ಹೆಸರು. ಸಭೆಯಲ್ಲಿರುವ ಹಿರಿಯರಿಗೆ ‘ಟ್ರಂಕ್ ಕಾಲ್’ ನೆನಪಿರಬಹುದು; ಇದೂ ಅದೇ ಟ್ರಂಕ್. ಒಂದು ಕಚೇರಿಯಲ್ಲಿ ಐದು ಕಿಟಕಿಗಳಿದ್ದು, ಪ್ರತಿ ಕಿಟಕಿಗೂ ಬೇರೆ ಸಾಲು ಇದೆಯೆಂದು ಭಾವಿಸಿ. ಒಂದು ಸಾಲಿನಲ್ಲಿ ಇಪ್ಪತ್ತು ಜನ ಬೆವರುತ್ತಿರುವಾಗ ಪಕ್ಕದ ಕಿಟಕಿಯವರು ಪತ್ರಿಕೆ ಓದುತ್ತಿರಬಹುದು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಬಿಡುವಾದ ಕಿಟಕಿಗೆ ಮುಂದಿನವರು ಹೋಗುವಂತಾದರೆ ಯಾವ ಕಿಟಕಿಯೂ ಸುಮ್ಮನೆ ಕೂರುವುದಿಲ್ಲ. ಟ್ರಂಕ್ಡ್ ವ್ಯವಸ್ಥೆಯಲ್ಲಿ ಸೆಟ್ಟಿನ ಗುಂಡಿ ಒತ್ತಿದೊಡನೆ ನಿಯಂತ್ರಣ ಚಾನೆಲ್‌ಗೆ ಒಂದು ಕೋರಿಕೆ ಹೋಗುತ್ತದೆ; ಅರ್ಧ ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಬಿಡುವಾಗಿರುವ ಚಾನೆಲ್ ದೊರೆಯುತ್ತದೆ; ಮಾತು ಮುಗಿದ ಮೇಲೆ ಅದು ಬೇರೊಬ್ಬರ ಪಾಲಾಗುತ್ತದೆ.

ಇದರ ಲಾಭವೆಷ್ಟೆಂಬುದನ್ನು ಲೆಕ್ಕ ಹಾಕುವ ಸೂತ್ರವನ್ನು ಕೋಪನ್‌ಹೇಗನ್ ದೂರವಾಣಿ ಸಂಸ್ಥೆಯಲ್ಲಿದ್ದ ಎ.ಕೆ. ಎರ್ಲಾಂಗ್ 1917ರಲ್ಲಿಯೇ ಕೊಟ್ಟಿದ್ದರು. ನಾಲ್ಕು ಇಲಾಖೆಗಳಿಗೆ ತಲಾ ಐದು ಚಾನೆಲ್‌ಗಳಿವೆ ಎನ್ನೋಣ. ನೂರು ಕರೆಗಳಲ್ಲಿ ಎರಡಕ್ಕಿಂತ ಹೆಚ್ಚು ವಿಫಲವಾಗಬಾರದೆಂದಿದ್ದರೆ, ಆ ನಾಲ್ಕೂ ಜಾಲಗಳು ಸೇರಿ ಸರಾಸರಿ ಆರೂವರೆಯಷ್ಟು ಏಕಕಾಲದ ಸಂಭಾಷಣೆಗಳ ಭಾರವನ್ನು ಮಾತ್ರ ಹೊರಬಲ್ಲವು. ಅದೇ 20 ಚಾನೆಲ್‌ಗಳನ್ನು ಒಟ್ಟುಗೂಡಿಸಿದರೆ ಹದಿಮೂರಕ್ಕೂ ಹೆಚ್ಚು. ತಂತಿಯಾಗಲಿ ಗೋಪುರವಾಗಲಿ ಹೆಚ್ಚಲಿಲ್ಲ, ಬೇಲಿ ತೆಗೆದದ್ದಷ್ಟೇ. ಗಣಿತದ ಅಧ್ಯಾಪಕರು ಬೇಕಿದ್ದರೆ ಕರಿಹಲಗೆಯ ಮೇಲೆ ಪರೀಕ್ಷಿಸಿ ನೋಡಬಹುದು.

ಆದರೆ ಈ ಲೆಕ್ಕ ನಿಂತಿರುವುದು ಕರೆಗಳು ತಮ್ಮಷ್ಟಕ್ಕೆ, ಹಿಂದುಮುಂದಾಗಿ ಬರುತ್ತವೆ ಎಂಬ ನಂಬಿಕೆಯ ಮೇಲೆ. ದುರಂತದ ಹೊತ್ತಿನಲ್ಲಿ ಎಲ್ಲರೂ ಒಂದೇ ನಿಮಿಷದಲ್ಲಿ ಗುಂಡಿ ಒತ್ತುತ್ತಾರೆ. ಆಗ ಯಾರ ಕರೆಗೆ ಮೊದಲ ಹಕ್ಕು ಎಂಬುದನ್ನು ಶಾಂತಿಕಾಲದಲ್ಲಿಯೇ ಬರೆದಿಟ್ಟಿರಬೇಕು. ನಮ್ಮ ಅನುಭವದಲ್ಲಿ ಇಲಾಖೆಗಳ ನಡುವೆ ತಕರಾರು ಏಳುವುದು ಇಲ್ಲಿಯೇ, ಯಂತ್ರದ ವಿಷಯದಲ್ಲಿ ಅಲ್ಲ.

ಲಂಡನ್ ನಗರದ ಕಥೆಯನ್ನು ಕೊಂಚ ವಿವರವಾಗಿ ಹೇಳಬೇಕು. 1987ರ ನವೆಂಬರ್ 18ರಂದು ಕಿಂಗ್ಸ್ ಕ್ರಾಸ್ ಸುರಂಗ ರೈಲು ನಿಲ್ದಾಣದಲ್ಲಿ ಬೆಂಕಿ ಬಿದ್ದು 31 ಜನ ಸತ್ತರು. ಅದರ ವಿಚಾರಣಾ ವರದಿಯು ನೆಲದಡಿಯ ರೇಡಿಯೋ ಸಂಪರ್ಕವನ್ನು ಸುಧಾರಿಸಬೇಕೆಂದು ಹೇಳಿತು. ಹದಿನೆಂಟು ವರ್ಷ ಕಳೆಯಿತು. 2005ರ ಜುಲೈ 7ರಂದು ಮೂರು ಸುರಂಗ ರೈಲುಗಳಲ್ಲಿ ಮತ್ತು ಒಂದು ಬಸ್ಸಿನಲ್ಲಿ ಬಾಂಬುಗಳು ಸಿಡಿದು 52 ಜನ ಪ್ರಾಣ ಕಳೆದುಕೊಂಡರು. ಆ ದಿನವೂ ಸುರಂಗದೊಳಗೆ ಕೇಳಿಸುತ್ತಿದ್ದದ್ದು ಸಾರಿಗೆ ಪೊಲೀಸರ ರೇಡಿಯೋ ಮಾತ್ರ. ಉಳಿದವರು ಸುದ್ದಿ ಮುಟ್ಟಿಸಲು ಕೆಳಗಿನಿಂದ ಮೇಲಕ್ಕೆ ಆಳುಗಳನ್ನು ಓಡಿಸಬೇಕಾಯಿತು. ಮೊಬೈಲ್ ಫೋನನ್ನು ನೆಚ್ಚಿಕೊಂಡಿದ್ದ ಆಂಬುಲೆನ್ಸ್ ಅಧಿಕಾರಿಗಳಿಗೆ ಸಾರ್ವಜನಿಕರ ಕರೆಗಳಿಂದ ತುಂಬಿದ ಜಾಲದಲ್ಲಿ ದಾರಿ ಸಿಗಲಿಲ್ಲ. ಮರುವರ್ಷ ಲಂಡನ್ ಅಸೆಂಬ್ಲಿಯ ವರದಿ ಇದನ್ನೆಲ್ಲ ಕಟುವಾಗಿಯೇ ದಾಖಲಿಸಿತು. ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಏರ್‌ವೇವ್ ಎಂಬ ಹಂಚಿಕೆಯ ಟ್ರಂಕ್ಡ್ ಜಾಲ ನೆಲದ ಮೇಲೆ ಹರಡಿತ್ತು, ಸುರಂಗಕ್ಕೆ ಇಳಿದಿರಲಿಲ್ಲ. ಮುಂದೆ ಅದು ಸುರಂಗಕ್ಕೂ ಇಳಿಯಿತು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ಜಾಲವಾಯಿತು.

ಕಥೆ ಅಲ್ಲಿಗೆ ಸುಖಾಂತವಾಯಿತೆಂದು ಹೇಳಲಾರೆವು. ಆ ಜಾಲದ ಒಡೆತನ ಖಾಸಗಿ ಸಂಸ್ಥೆಯದು. ಬೇರೆ ಜಾಲವಿಲ್ಲದೆ ಸರ್ಕಾರ ಕೇಳಿದಷ್ಟು ತೆರಬೇಕಾದ ಸ್ಥಿತಿ ಬಂದು, 2023ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ದರಕ್ಕೆ ಮಿತಿ ಹಾಕಬೇಕಾಯಿತು. ಅದರ ಬದಲಿಗೆ 4ಜಿ ಆಧಾರಿತ ಜಾಲವೊಂದನ್ನು ತರುವ ಕೆಲಸ 2015ರಲ್ಲಿ ಆರಂಭವಾಗಿ ವರ್ಷಗಟ್ಟಲೆ ಹಿಂದೆ ಬಿದ್ದಿತು. ಸ್ವಂತ ಜಾಲವಿರಲಿ ಎನ್ನುವವರ ವಾದಕ್ಕೆ ಇದರಿಂದ ಬಲ ಬರುತ್ತದೆ, ಒಪ್ಪುತ್ತೇವೆ. ಅವರ ಇನ್ನೊಂದು ಮಾತೂ ನಿಜ: ಹಂಚಿಕೊಂಡದ್ದು ಬಿದ್ದರೆ ಎಲ್ಲರಿಗೂ ಒಟ್ಟಿಗೇ ಬೀಳುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಗುಡ್ಡ ಕುಸಿದಾಗ ಹವ್ಯಾಸಿ ರೇಡಿಯೋದವರು ಕಲ್ಪೆಟ್ಟದಲ್ಲಿ ಕೇಂದ್ರ ತೆರೆದು ಸಂದೇಶ ಸಾಗಿಸಿದರು. ಅವರದು ಗೋಪುರವನ್ನು ಕಾಯದೆಯೂ ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತನಾಡಬಲ್ಲ ಹಳೆಯ ವಿದ್ಯೆ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಜಾಲ ಹಂಚಿಕೆಯದೇ ಆಗಿರಲಿ, ಒಡೆತನ ಸಾರ್ವಜನಿಕವಾಗಿರಲಿ, ಪ್ರತಿ ಸೆಟ್ಟಿನಲ್ಲೂ ಗೋಪುರವಿಲ್ಲದೆ ನೇರ ಮಾತನಾಡುವ ಸೌಲಭ್ಯವಿರಲಿ. ಆಧುನಿಕ ಟ್ರಂಕ್ಡ್ ಸೆಟ್ಟುಗಳಲ್ಲಿ ಈ ಸೌಲಭ್ಯವುಂಟು. ಅದನ್ನು ಬಳಸುವ ಅಭ್ಯಾಸವನ್ನು ಮಾತ್ರ ಯಾರೂ ಪೆಟ್ಟಿಗೆಯಲ್ಲಿಟ್ಟು ಮಾರುವುದಿಲ್ಲ.

ಗಡಿಯವರಾದ ನಮಗೆ ಇದು ದೂರದ ಊರಿನ ಮಾತಲ್ಲ. ಸಂವಿಧಾನದಲ್ಲಿ ಪೊಲೀಸ್ ರಾಜ್ಯಗಳ ವಿಷಯ. ಹಾಗಾಗಿ ಅವರವರ ಜಾಲವನ್ನು ಅವರವರೇ ಕಟ್ಟಿಕೊಂಡರು. ಇಲ್ಲಿಂದ ಹೊರಟ ರೋಗಿ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಹೋಗುತ್ತಾನೆ. ದಾರಿಯಲ್ಲಿ ರಾಜ್ಯ ಬದಲಾದದ್ದು ಅವನಿಗೆ ತಿಳಿಯುವುದು ಕಿಸೆಯ ಮೊಬೈಲಿಗೆ ಬರುವ ಸ್ವಾಗತ ಸಂದೇಶದಿಂದ. ಅವನ ಜೊತೆಗಿರುವ ಸಿಬ್ಬಂದಿಗೆ ಮುಂದಿನ ರಸ್ತೆಯ ಪೊಲೀಸರೊಡನೆ ಮಾತನಾಡಲು ಸಾಮಾನ್ಯ ಚಾನೆಲ್ ಒಂದಿದೆಯೇ, ಅದನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ? ಈ ಎರಡು ಪ್ರಶ್ನೆಗಳನ್ನು ಪಂಚಾಯತಿನ ಸಭೆಯಲ್ಲಿ ಎತ್ತುವುದಕ್ಕೆ ತಾಂತ್ರಿಕ ಜ್ಞಾನ ಬೇಕಿಲ್ಲ. ಮಳೆಗಾಲಕ್ಕೆ ಮುಂಚಿನ ಸಭೆಯಲ್ಲಿ ಹೆತ್ತವರು ಯಾರಾದರೂ ಎತ್ತಿದರೆ ಜೊತೆಗೆ ಬರಲು ನಾವು ಸಿದ್ಧರಿದ್ದೇವೆ.

ಏಳನೆಯ ತರಗತಿಯ ಕೊಠಡಿಯಲ್ಲಿ ಗುಜರಿಗೆ ಹೋಗಲಿದ್ದ ಎರಡು ಹಳೆಯ ಸೆಟ್ಟುಗಳನ್ನು ಮುಚ್ಚಳ ಬಿಚ್ಚಿ ಇರಿಸಿದ್ದೇವೆ. ಅವು ಎರಡು ಬೇರೆ ಇಲಾಖೆಗಳವು. ಒಳಗೆ ಉಗುರಿನಷ್ಟು ದೊಡ್ಡ ಸ್ಫಟಿಕದ ತುಂಡು ಕಾಣುತ್ತದೆ. ಸೆಟ್ಟು ಯಾವ ಆವರ್ತನದಲ್ಲಿ ಮಾತನಾಡಬೇಕೆಂಬುದನ್ನು ನಿಗದಿಪಡಿಸುತ್ತಿದ್ದದ್ದು ಅದೇ. ಎರಡರ ಸ್ಫಟಿಕವೂ ಬೇರೆಯಾದ್ದರಿಂದ ಒಂದೇ ಮೇಜಿನ ಮೇಲಿಟ್ಟರೂ ಒಂದರ ಮಾತು ಇನ್ನೊಂದಕ್ಕೆ ಕೇಳುತ್ತಿರಲಿಲ್ಲ. ಊಟದ ಬಳಿಕ ಮಕ್ಕಳು ಬಂದು ನೋಡಬಹುದು.