ಘಾರಾಪುರಿಯ ಗುಡ್ಡವನ್ನೇರುವ ಮುನ್ನ

(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಈ ವರ್ಷದ ಶೈಕ್ಷಣಿಕ ಪ್ರವಾಸಕ್ಕಾಗಿ ನಾವು ಮುಂಬಯಿಯನ್ನೂ ಅಲ್ಲಿಂದ ದೋಣಿಯಲ್ಲಿ ಘಾರಾಪುರಿ ದ್ವೀಪವನ್ನೂ ಆರಿಸಿದ್ದೇವೆ. ಸಂಘವು ಉದಾರವಾಗಿ ಅದರ ವೆಚ್ಚದಲ್ಲಿ ಒಂದು ಪಾಲನ್ನು ವಹಿಸಿದೆ. ಆದರೆ ಪಾಲಕರಲ್ಲಿ ಕೆಲವರು, “ಗುರುಗಳೇ, ಮಕ್ಕಳನ್ನು ಸಮುದ್ರದ ಮೇಲೆ ಕಳಿಸುವದು ಬೇಡ” ಎನ್ನುತ್ತಾರೆ. ಇನ್ನು ಕೆಲವರು, “ಬಿಸಿಲಿನ ಮಾತು ಬಿಡಿರಿ ಗುರುಗಳೇ, ನಮ್ಮ ಮಕ್ಕಳು ಬಿಸಿಲಿನಲ್ಲಿಯೇ ಹುಟ್ಟಿ ಬೆಳೆದವರು” ಎನ್ನುತ್ತಾರೆ. ಮೊದಲನೆಯ ಮಾತಿನಲ್ಲಿ ಭಯವಿದೆ, ಎರಡನೆಯದರಲ್ಲಿ ಧೈರ್ಯವಿದೆ. ನನಗೆ ಹೆಚ್ಚು ಚಿಂತೆಯನ್ನುಂಟುಮಾಡುವದು ಎರಡನೆಯ ಮಾತೇ. ಅದೇಕೆಂಬುದನ್ನು ಇಂದು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಘಾರಾಪುರಿಯು ನಮಗೆ ಪರಕೀಯವಾದ ಸ್ಥಳವೇನೂ ಅಲ್ಲ. ಕ್ರಿ. ಶ. 634ರಲ್ಲಿ ರವಿಕೀರ್ತಿಯು ರಚಿಸಿದ ಐಹೊಳೆಯ ಶಾಸನವು, ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಮುತ್ತಿದನೆಂದು ವರ್ಣಿಸುತ್ತದೆ. ಆ ಪುರಿಯೇ ಈ ಘಾರಾಪುರಿಯೆಂದು ಹಲವು ವಿದ್ವಾಂಸರ ಮತ. ಬೇರೆ ಸ್ಥಳವೆನ್ನುವವರೂ ಉಂಟು. ಇಲ್ಲಿದ್ದ ಕಲ್ಲಾನೆಯನ್ನು ಕಂಡು ಪೋರ್ತುಗೀಜರು ದ್ವೀಪಕ್ಕೆ ಎಲಿಫಂಟಾ ಎಂಬ ಹೆಸರನ್ನಿಟ್ಟರು. ಇಲ್ಲಿಯ ಗುಹಾಲಯದಲ್ಲಿ ಸುಮಾರು 18 ಅಡಿ ಎತ್ತರದ, ಮೂರು ಮುಖಗಳ ಸದಾಶಿವನ ಮೂರ್ತಿಯಿದೆ. 1987ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಗುಹೆಗಳನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಗುಹೆಗಳಿಂದ ಇನ್ನೂ ಮೇಲೆ ಏರಿದರೆ ಬ್ರಿಟಿಷರ ಕಾಲದ ಎರಡು ದೊಡ್ಡ ತೋಪುಗಳಿರುವ ಗುಡ್ಡವಿದೆ. ಅಲ್ಲಿ ನಿಂತರೆ ಬಂದರು, ಹಡಗುಗಳು, ಮುಂಬಯಿ ನಗರ, 2024ರಲ್ಲಿ ತೆರೆದ ಅಟಲ್ ಸೇತುವೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಭೂಗೋಳದ ಹತ್ತು ಪಾಠಗಳಿಂದ ಆಗದ ಕೆಲಸ ಆ ಒಂದು ನೋಟದಿಂದ ಆಗುತ್ತದೆ. ಉಮರ್ಗಾ, ನಿಲಂಗಾ, ಉದಗೀರಗಳ ನಮ್ಮ ಮಕ್ಕಳಲ್ಲಿ ಬಹುಮಂದಿ ಸಮುದ್ರವನ್ನು ಕಂಡವರಲ್ಲ. ಆದುದರಿಂದ ಪ್ರವಾಸವನ್ನು ಕೈಬಿಡುವದು ಉಚಿತವಲ್ಲವೆಂದು ನನ್ನ ಅಭಿಪ್ರಾಯ. ಆದರೆ ಸಿದ್ಧತೆಯಿಲ್ಲದೆ ಹೊರಡುವದು ಅದಕ್ಕಿಂತಲೂ ಅನುಚಿತ.

ಈಗ ಬಿಸಿಲಿನ ವಿಷಯ. ವೈಶಾಖದಲ್ಲಿ ನಮ್ಮ ಕಡೆಯ ತಾಪಮಾನ 40 ಡಿಗ್ರಿಯನ್ನು ದಾಟುತ್ತದೆ. ಮುಂಬಯಿಯಲ್ಲಿ ಅದು ಅಷ್ಟು ಏರುವದು ಅಪರೂಪ. ಇದನ್ನು ಕೇಳಿ ಅಲ್ಲಿಯ ಬಿಸಿಲು ಸೌಮ್ಯವೆಂದು ಭಾವಿಸಬಾರದು. ನಮ್ಮ ಶರೀರವು ತಂಪಾಗುವದು ಬೆವರು ಸುರಿಯುವದರಿಂದಲ್ಲ, ಸುರಿದ ಬೆವರು ಆರುವದರಿಂದ. ಹೊಸ ಮಡಕೆಯ ನೀರು ತಂಪಾಗುವದೂ ಇದೇ ಕಾರಣಕ್ಕೆ. ನಮ್ಮ ಒಣಹವೆಯಲ್ಲಿ ಬೆವರು ಕೂಡಲೇ ಆರುತ್ತದೆ. ಕಡಲತೀರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುವದರಿಂದ ಬೆವರು ಮೈಮೇಲೆಯೇ ಹರಿಯುತ್ತದೆ. ನೀರೂ ಉಪ್ಪೂ ನಷ್ಟವಾಗುತ್ತವೆ, ತಂಪು ಮಾತ್ರ ದೊರೆಯುವದಿಲ್ಲ. ದೋಣಿಯ ಮೇಲೆ ಗಾಳಿ ಬೀಸುತ್ತಿರುವದರಿಂದ ಬಿಸಿಲು ತಾಕಿದ್ದು ತಿಳಿಯುವದೂ ಇಲ್ಲ. ನೀರಿನಿಂದ ಪ್ರತಿಫಲಿಸಿದ ಬೆಳಕು ಮುಖವನ್ನು ಕೆಳಗಿನಿಂದಲೂ ಸುಡುತ್ತದೆ. ಆದುದರಿಂದ “ನಾವು ಬಿಸಿಲಿನ ನಾಡಿನವರು” ಎಂಬ ನಮ್ಮ ಅಭಿಮಾನವು ಅಲ್ಲಿ ನಮ್ಮನ್ನು ಕಾಯಲಾರದು, ಮೋಸಗೊಳಿಸಬಹುದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ದಿನದ ಕ್ರಮ. ಸಾಮಾನ್ಯವಾಗಿ ಜನರು ಮೊದಲು ಗುಹೆಗಳನ್ನು ನೋಡಿ, ಊಟಮಾಡಿ, ನಡುಹಗಲಿನಲ್ಲಿ ಗುಡ್ಡವನ್ನೇರುತ್ತಾರೆ. ನಾವು ಇದನ್ನು ತಿರುಗಿಸೋಣ. ಮುಂಜಾನೆ ಗೇಟ್‌ವೇಯಿಂದ ಹೊರಡುವ ಮೊದಲ ದೋಣಿಗಳಲ್ಲಿಯೇ ಹೋಗೋಣ. ಸಮುದ್ರದ ಪ್ರಯಾಣ ಸುಮಾರು ಒಂದು ಗಂಟೆಯದು. ಇಳಿದ ಮೇಲೆ ಉದ್ದನೆಯ ಕಟ್ಟೆಯ ಮೇಲೆ ನಡೆದು, ಸುಮಾರು 120 ಮೆಟ್ಟಿಲುಗಳನ್ನು ಹತ್ತಬೇಕು. ಅಲ್ಲಿ ಸ್ವಲ್ಪ ವಿಶ್ರಮಿಸಿ, ಬಿಸಿಲು ಬಲಿಯುವ ಮುನ್ನ ಗುಡ್ಡವನ್ನೇರಿ ಇಳಿಯೋಣ. ನಡುಹಗಲು ಕಲ್ಲಿನ ಗುಹೆಗಳ ನೆರಳಿಗೆ ಮೀಸಲಿರಲಿ. ಸೋಮವಾರ ಗುಹೆಗಳು ಮುಚ್ಚಿರುವದರಿಂದ ಆ ದಿನವನ್ನು ಬಿಡಬೇಕು.

ಎರಡನೆಯದು ನೀರು. 2016ರ ಬೇಸಗೆಯಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರನ್ನು ತಂದುದು ನಮ್ಮ ಜಿಲ್ಲೆಗಳ ಮಂದಿ ಮರೆತಿಲ್ಲ. ನೀರಿನ ಬೆಲೆಯನ್ನು ಬಲ್ಲ ನಾವು ಅದನ್ನು ಕಡಿಮೆ ಕುಡಿದು ಉಳಿಸುವ ಅಭ್ಯಾಸದವರು. ಅಂದು ಆ ಅಭ್ಯಾಸ ಬೇಡ. ಪ್ರತಿಯೊಬ್ಬರೂ ಎರಡು ಲೀಟರು ನೀರನ್ನು ಒಯ್ಯಬೇಕು. ಬಾಯಾರುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಶೌಚಾಲಯದ ಸಂಕೋಚದಿಂದ ಹೆಣ್ಣುಮಕ್ಕಳು ಪ್ರವಾಸದಲ್ಲಿ ನೀರನ್ನೇ ಕುಡಿಯದಿರುವದು ಎಲ್ಲ ತಾಯಂದಿರಿಗೂ ಗೊತ್ತಿದೆ. ಆದುದರಿಂದ ದೋಣಿ ಹತ್ತುವ ಮುನ್ನ ಮತ್ತು ಗುಡ್ಡವನ್ನೇರುವ ಮುನ್ನ ಶಿಕ್ಷಕಿಯರು ಅವರಿಗೆ ಆ ಅನುಕೂಲವನ್ನು ಒದಗಿಸಿಯೇ ಮುಂದೆ ನಡೆಯುವರು. ಒಂದು ಲೀಟರು ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕವನ್ನೂ ಶಾಲೆಯ ವತಿಯಿಂದ ಒಯ್ಯುವೆವು. ಇಲ್ಲಿ ಚಮಚವೆಂದರೆ ಚಹದ ಚಿಕ್ಕ ಚಮಚ.

ಮೂರನೆಯದು ಉಡುಪು ಮತ್ತು ಬುತ್ತಿ. ತಿಳಿಬಣ್ಣದ ಸಡಿಲವಾದ ಹತ್ತಿಯ ಬಟ್ಟೆ, ತುಂಬುತೋಳಿನ ಅಂಗಿ, ಕಾಲಿಗೆ ಬೂಟು. ತಲೆಗೆ ಟೋಪಿಯಾಗಲಿ ರುಮಾಲಾಗಲಿ ಇರಲೇಬೇಕು. ನಮ್ಮ ರೈತರು ತಲೆಗೆ ಬಿಳಿಯ ರುಮಾಲು ಸುತ್ತುವದು ಬರಿಯ ಶೋಭೆಗಲ್ಲ. ಬುತ್ತಿಗೆ ಕಟಕರೊಟ್ಟಿ, ಶೇಂಗಾ ಚಟ್ನಿ ಉತ್ತಮ. ದೋಣಿಯಲ್ಲಿ ಹೊಟ್ಟೆ ತೊಳಸಬಾರದೆಂದರೆ ಮುಂಜಾನೆ ಕರಿದ ಪದಾರ್ಥ ಬೇಡ. ದ್ವೀಪದಲ್ಲಿ ಮಂಗಗಳು ಕೈಯೊಳಗಿನ ತಿಂಡಿಯನ್ನು ಕಸಿಯುವದರಿಂದ ಬುತ್ತಿಯು ಚೀಲದೊಳಗೇ ಇರಲಿ.

ನಾಲ್ಕನೆಯದು ಅಭ್ಯಾಸ. ಪ್ರವಾಸದ ಮುನ್ನ ಎರಡು ಭಾನುವಾರ ಮಕ್ಕಳನ್ನು ನಡೆಸೋಣ. ಒಮ್ಮೆ ಖರೋಸಾದ ಗುಹೆಗಳ ಗುಡ್ಡಕ್ಕೆ, ಇನ್ನೊಮ್ಮೆ ನಳದುರ್ಗದ ಕೋಟೆಗೆ. ಯಾರ ಉಸಿರು ಬೇಗ ಕಟ್ಟುತ್ತದೆ, ಯಾರ ಬೂಟು ಕಚ್ಚುತ್ತದೆ ಎಂಬುದು ಇಲ್ಲಿಯೇ ತಿಳಿಯಲಿ. ಆಸ್ತಮಾ, ಮೂರ್ಛೆ ಮುಂತಾದ ವ್ಯಾಧಿಗಳಿದ್ದರೆ ಪಾಲಕರು ಮುಚ್ಚಿಡದೆ ನನಗೆ ತಿಳಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಸಮುದ್ರದ ಭಯ. ಅದು ನಿರಾಧಾರವಲ್ಲ. 2024ರ ಡಿಸೆಂಬರ 18ರಂದು ಘಾರಾಪುರಿಗೆ ಹೊರಟಿದ್ದ ನೀಲಕಮಲ ಎಂಬ ದೋಣಿಗೆ ನೌಕಾಪಡೆಯ ವೇಗದ ದೋಣಿಯೊಂದು ಬಡಿದು 15 ಮಂದಿ ಪ್ರಾಣ ಕಳೆದುಕೊಂಡರು. ಆ ದುಃಖದಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಲೈಫ್ ಜಾಕೆಟನ್ನು ಸೀಟಿನ ಕೆಳಗೆ ಇಟ್ಟುಕೊಂಡರೆ ಸಾಲದು; ದೋಣಿ ಬಿಡುವ ಮೊದಲೇ ಮೈಮೇಲೆ ಕಟ್ಟಿಕೊಂಡಿರಬೇಕು, ಇಳಿಯುವವರೆಗೆ ಬಿಚ್ಚಬಾರದು. ಪ್ರತಿ ಮಗುವಿಗೂ ಜಾಕೆಟು ದೊರೆಯದ ದೋಣಿಯನ್ನು, ಜನ ಕಿಕ್ಕಿರಿದ ದೋಣಿಯನ್ನು ನಾವು ಹತ್ತುವದಿಲ್ಲ. ಮುಂದಿನ ದೋಣಿಗೆ ಕಾಯುವೆವು. ಅದೂ ತಕ್ಕದ್ದಲ್ಲವಾದರೆ ದಡದಿಂದಲೇ ಸಮುದ್ರವನ್ನು ನೋಡಿ ಮರಳುವೆವು.

ಕೊನೆಯದು ಎಲ್ಲಕ್ಕೂ ಮುಖ್ಯವಾದುದು. ತಲೆನೋವು, ತಲೆಸುತ್ತು, ಓಕರಿಕೆ, ಕಾಲು ಹಿಡಿಯುವದು — ಇವು ಬಿಸಿಲು ತಾಕಿದುದರ ಮೊದಲ ಚಿಹ್ನೆಗಳು. ಅಂಥ ಮಗುವನ್ನು ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ನೀರು ಚಿಮುಕಿಸಿ, ಗಾಳಿ ಹಾಕಿ, ಪಾನಕವನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಅದು ಪ್ರಾಣಾಪಾಯ. ಆಗ ಬಾಯಿಗೆ ನೀರು ಹಾಕದೆ ಮೈಯನ್ನೆಲ್ಲ ನೀರಿನಿಂದ ತೋಯಿಸಿ ಗಾಳಿ ಹಾಕುತ್ತ ವೈದ್ಯರ ನೆರವನ್ನು ಪಡೆಯಬೇಕು. ನಮ್ಮೂರಲ್ಲಾದರೆ 108ರ ಗಾಡಿ ಮನೆಯ ಬಾಗಿಲಿಗೆ ಬರುತ್ತದೆ. ಆ ಗುಡ್ಡದ ತುದಿಗೆ ಗಾಡಿ ಬರಲಾರದು. ರೋಗಿಯನ್ನು ಹೊತ್ತು ಮೆಟ್ಟಿಲಿಳಿದು, ಕಟ್ಟೆಯನ್ನು ದಾಟಿ, ದೋಣಿಯಲ್ಲಿ ಸಮುದ್ರವನ್ನು ದಾಟಬೇಕು. ದ್ವೀಪ ಎಂಬ ಶಬ್ದದ ನಿಜವಾದ ಅರ್ಥವು ಇದೇ.

ಆದುದರಿಂದ ವಿದ್ಯಾರ್ಥಿಗಳೇ, ಒಂದು ನಿಯಮವನ್ನು ಇಂದೇ ಮಾಡೋಣ. ಹತ್ತು ಮಂದಿಗೆ ಒಬ್ಬ ಶಿಕ್ಷಕರಿರುವರು. ಆ ಹತ್ತರಲ್ಲಿ ಒಬ್ಬನು “ನನಗೆ ಆಗುವದಿಲ್ಲ” ಎಂದರೆ ಹತ್ತೂ ಮಂದಿ ಹಿಂತಿರುಗತಕ್ಕದ್ದು. ಯಾರೂ ಅವನನ್ನು ಹಾಸ್ಯ ಮಾಡಬಾರದು, ಹುರಿದುಂಬಿಸಲೂ ಬಾರದು. ತನ್ನ ಅಶಕ್ತಿಯನ್ನು ಸಮಯಕ್ಕೆ ಸರಿಯಾಗಿ ಹೇಳಿದವನು ಒಂಬತ್ತು ಮಂದಿಯನ್ನು ಅಪಾಯದಿಂದ ಪಾರುಮಾಡಿದವನೆಂದು ತಿಳಿಯಿರಿ. ಗುಡ್ಡದ ತುದಿಯಲ್ಲಿರುವ ತೋಪುಗಳು ಎಲ್ಲಿಗೂ ಹೋಗುವದಿಲ್ಲ. ಮುಂದಿನ ವರ್ಷವೂ ಅಲ್ಲಿಯೇ ಇರುತ್ತವೆ. ನಾವು ಪಾಲಕರಿಂದ ಎಣಿಸಿ ತೆಗೆದುಕೊಂಡ ಮಕ್ಕಳನ್ನು ಅಷ್ಟೇ ಸಂಖ್ಯೆಯಲ್ಲಿ ಎಣಿಸಿ ಒಪ್ಪಿಸುವದೇ ಈ ಪ್ರವಾಸದ ಮೊದಲನೆಯ ಉದ್ದೇಶ, ಉಳಿದುದೆಲ್ಲ ಎರಡನೆಯದು.