ಮೂಸಿಯ ಲೆಕ್ಕ: ನೆರೆಯ ಬಗ್ಗೆ ಗಣಿತ ಏನು ಹೇಳಬಲ್ಲದು?

(ಸಂಘದ ಮಹಿಳಾ ವೇದಿಕೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸೆಪ್ಟೆಂಬರ್ ತಿಂಗಳನ್ನು ಹೈದರಾಬಾದಿನ ಕನ್ನಡಿಗರಾದ ನಾವು ಎರಡು ಕಾರಣಕ್ಕೆ ನೆನಪಿಟ್ಟುಕೊಳ್ಳಬೇಕು. 15ನೇ ತಾರೀಕು ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. 28ನೇ ತಾರೀಕು, 1908ರಲ್ಲಿ, ಮೂಸಿ ನದಿ ಈ ಊರನ್ನು ಮುಳುಗಿಸಿದ ದಿನ. ಆ ನೆರೆಯಲ್ಲಿ ಸುಮಾರು 15,000 ಜನ ಸತ್ತರೆಂದು ಅಂದಾಜು. ಅಫ್ಜಲ್‌ಗಂಜ್‌ನಲ್ಲಿ ಒಂದು ಹುಣಸೆ ಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ನೋಡದವರು ಒಮ್ಮೆ ಹೋಗಿ ನೋಡಿ.

ಮರುವರ್ಷ ನಿಜಾಮ್ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮೊದಲು ಮಾಡಿದ್ದು ಲೆಕ್ಕ. ನಗರದ ಮೇಲ್ಭಾಗದಲ್ಲಿ ನದಿಗೆ ನೀರು ಹರಿದು ಬರುವ ಜಾಗ 862 ಚದರ ಮೈಲಿ. ಅದರಲ್ಲಿ 788 ಕೆರೆಗಳು, ಅಂದರೆ ಹೆಚ್ಚುಕಡಿಮೆ ಚದರ ಮೈಲಿಗೊಂದು ಕೆರೆ. ಆ ಮಳೆಗೆ 221 ಕೆರೆಗಳ ಕಟ್ಟೆ ಒಡೆದಿತ್ತು. ಮೇಲಿನ ಕೆರೆ ಒಡೆದರೆ ಅದರ ಭಾರ ಕೆಳಗಿನ ಕೆರೆಯ ಮೇಲೆ, ಅದೂ ಒಡೆದರೆ ಎರಡರ ಭಾರ ಮೂರನೆಯದರ ಮೇಲೆ. ನದಿಯಲ್ಲಿ ಹರಿದದ್ದು 4,25,000 ಕ್ಯೂಸೆಕ್ ಎಂದು ಲೆಕ್ಕ ಹಾಕಲಾಯಿತು. ನಮ್ಮ ಅಪಾರ್ಟ್‌ಮೆಂಟಿಗೆ ಬೇಸಿಗೆಯಲ್ಲಿ ಬರುವ 10,000 ಲೀಟರಿನ ಟ್ಯಾಂಕರ್ ಎಲ್ಲರಿಗೂ ಗೊತ್ತಲ್ಲ, ಅಂಥವು ಸೆಕೆಂಡಿಗೆ ಸುಮಾರು 1,200 ಬಂದ ಹಾಗೆ!

ಅಷ್ಟು ನೀರು ಎಲ್ಲಿಂದ ಬಂತು? ಒಂದು ಚದರ ಕಿಲೋಮೀಟರ್ ಮೇಲೆ ಒಂದೇ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು 1 ಕೋಟಿ ಲೀಟರ್, ಅಂದರೆ 1,000 ಟ್ಯಾಂಕರ್. ಮೂಸಿಯ ಮೇಲ್ಭಾಗ ಸುಮಾರು 2,200 ಚದರ ಕಿಲೋಮೀಟರ್. ಆ ಸಲ ಶಂಷಾಬಾದಿನಲ್ಲಿ 24 ಗಂಟೆಯಲ್ಲಿ 12.8 ಇಂಚು, ಅಂದರೆ 32 ಸೆಂಟಿಮೀಟರಿಗೂ ಹೆಚ್ಚು ಮಳೆ ಬಿದ್ದಿತ್ತು. ಮಿಕ್ಕ ಗುಣಾಕಾರ ನೀವೇ ಮಾಡಿ.

ಇಂದು ಇದೇ ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ಹೇಗೆ ಎಂದು ಸರಳವಾಗಿ ಹೇಳುತ್ತೇನೆ. ನದಿಯನ್ನೂ ದಡವನ್ನೂ ರಂಗೋಲಿಯ ಚುಕ್ಕಿಗಳ ಹಾಗೆ ಸಣ್ಣ ಸಣ್ಣ ಚೌಕಗಳಾಗಿ ಮಾಡಿಕೊಳ್ಳುತ್ತೇವೆ. ಪ್ರತಿ ಚೌಕಕ್ಕೂ ಒಂದು ಬ್ಯಾಂಕ್ ಪಾಸ್‌ಬುಕ್ ಇದೆ ಎಂದುಕೊಳ್ಳಿ. ಇದ್ದ ನೀರು, ಬಂದ ನೀರು ಕೂಡಿಸಿ, ಹೋದ ನೀರು ಕಳೆದರೆ ಉಳಿದದ್ದು ಸಿಗುತ್ತದೆ. ಈ ಚೌಕದಿಂದ ಹೋದದ್ದು ಪಕ್ಕದ ಚೌಕಕ್ಕೆ ಜಮಾ ಆಗಲೇಬೇಕು, ಒಂದು ಹನಿಯೂ ಕಾಣೆಯಾಗುವಂತಿಲ್ಲ. ಇದು ಮೊದಲನೆಯ ಸಮೀಕರಣ. ನೀರು ಎಷ್ಟು ವೇಗವಾಗಿ ಹೋಗುತ್ತದೆ ಎನ್ನುವುದು ಎರಡನೆಯದು. ಇಳಿಜಾರು ನೀರನ್ನು ಎಳೆಯುತ್ತದೆ, ನದಿಯ ತಳ ತಡೆಯುತ್ತದೆ. ಈ ಎರಡನ್ನೂ ಸೇರಿಸಿ 1871ರಲ್ಲಿ ಫ್ರಾನ್ಸಿನ ಸೇಂಟ್ ವೆನಾಂಟ್ ಪ್ರಕಟಿಸಿದ ಸಮೀಕರಣಗಳೇ ಇವತ್ತಿನ ಸಾಫ್ಟ್‌ವೇರ್‌ಗಳ ಒಳಗೂ ಇರುವುದು. ಅಮೆರಿಕದ ಸೇನಾ ಇಂಜಿನಿಯರುಗಳ ಹೆಕ್-ರಾಸ್ ಎಂಬ ಸಾಫ್ಟ್‌ವೇರನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು.

ಆದರೆ ಕಾಗದದ ಮೇಲೆ ಈ ಸಮೀಕರಣಗಳಿಗೆ ನೇರ ಉತ್ತರ ಸಿಗುವುದಿಲ್ಲ. ಅದಕ್ಕೇ ಕೆಲವು ಸೆಕೆಂಡು ಮುಂದಕ್ಕೆ ಲೆಕ್ಕ ಮಾಡಿ, ಆ ಉತ್ತರ ಹಿಡಿದು ಮತ್ತೆ ಕೆಲವು ಸೆಕೆಂಡು ಮುಂದೆ ಹೋಗಬೇಕು. ಅವಸರ ಮಾಡಿ ದೊಡ್ಡ ಹೆಜ್ಜೆ ಇಟ್ಟರೆ ಅಲೆ ಒಂದು ಚೌಕವನ್ನು ಹಾರಿಯೇ ಹೋಗುತ್ತದೆ, ಲೆಕ್ಕ ಕೆಡುತ್ತದೆ. ಕೂರಾಂಟ್, ಫ್ರೆಡ್ರಿಕ್ಸ್, ಲೂವಿ ಎಂಬ ಮೂವರು ಗಣಿತಜ್ಞರು ಈ ನಿಯಮವನ್ನು 1928ರಲ್ಲೇ, ಕಂಪ್ಯೂಟರ್ ಬರುವ ಮೊದಲೇ, ತೋರಿಸಿಕೊಟ್ಟಿದ್ದರು.

ಇನ್ನು ತಡೆಯ ವಿಷಯ. ನದಿಯ ತಳ ಎಷ್ಟು ಒರಟು ಎನ್ನುವುದಕ್ಕೆ ಮ್ಯಾನಿಂಗ್ ಅಂಕೆ ಅಂತ ಇದೆ. ಸ್ವಚ್ಛವಾದ ನದಿಗೆ ಅದು ಸುಮಾರು 0.03. ಗಿಡಗಂಟಿ, ಕಸ, ಕಟ್ಟಡದ ಅವಶೇಷ ತುಂಬಿ ಅದು 0.06 ಆಯಿತೆನ್ನಿ. ಅದೇ ಆಳ, ಅದೇ ಇಳಿಜಾರಿನಲ್ಲಿ ನೀರಿನ ವೇಗ ಅರ್ಧಕ್ಕೆ ಇಳಿಯುತ್ತದೆ. ಹಿಂದಿನಿಂದ ಬರುವ ನೀರು ಮಾತ್ರ ಕಾಯುವುದಿಲ್ಲ, ಆದ್ದರಿಂದ ಮಟ್ಟ ಏರುತ್ತದೆ. ನಾಲಾಗೆ ಕಸ ಸುರಿಯಬೇಡಿ ಎಂದು ಹೇಳುವುದು ಬರೀ ಚೊಕ್ಕಟದ ಮಾತಲ್ಲ, ಅದು ಪಕ್ಕದ ಮನೆಯೊಳಗೆ ನೀರು ಎಷ್ಟು ಅಡಿ ಬರುತ್ತದೆ ಎನ್ನುವ ಲೆಕ್ಕ.

ವಿಶ್ವೇಶ್ವರಯ್ಯನವರ ಸಲಹೆಯಂತೆ ನೆರೆಯನ್ನು ಮೇಲೆಯೇ ಹಿಡಿದು ನಿಧಾನವಾಗಿ ಬಿಡಲು ಎರಡು ಜಲಾಶಯಗಳಾದವು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ಇಲ್ಲೊಂದು ಇಕ್ಕಟ್ಟಿದೆ. ಕುಡಿಯುವ ನೀರಿಗೆ ಜಲಾಶಯ ತುಂಬಿರಬೇಕು, ನೆರೆ ತಡೆಯಲು ಖಾಲಿ ಜಾಗ ಇರಬೇಕು. ಗೇಟನ್ನು ಬೇಗ ತೆಗೆದರೆ ನೀರು ನಷ್ಟ, ತಡವಾಗಿ ತೆಗೆದರೆ ಕೆಳಗಿನವರಿಗೆ ಕಷ್ಟ. 2020ರ ಅಕ್ಟೋಬರ್ ಮಳೆಯಲ್ಲಿ ಹಿಮಾಯತ್ ಸಾಗರದ ಗೇಟು ತೆಗೆದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಇಂಥ ಹೊತ್ತಿನಲ್ಲಿ ಒಳ್ಳೆಯ ಮಾದರಿ ಕೊಡುವುದು ಕೆಲವು ಗಂಟೆಗಳ ಸಮಯ. ಆ ಕೆಲವು ಗಂಟೆಯಲ್ಲೇ ಜೀವ ಉಳಿಯುವುದು.

ಆದರೆ ಆ ಸಮಯ ಯಾರಿಗೆ ಸಿಗುತ್ತದೆ? ಚಾದರ್‌ಘಾಟ್, ಮೂಸಾರಾಂಬಾಗ್‌ನಂಥ ತಗ್ಗು ಜಾಗಗಳಲ್ಲಿ ಇರುವವರಲ್ಲಿ ಮನೆಗೆಲಸ ಮಾಡುವ ಹೆಂಗಸರು, ದಿನಗೂಲಿಯವರು ಬಹಳ. "ಇಷ್ಟು ಸಾವಿರ ಕ್ಯೂಸೆಕ್ ಬಿಡಲಾಗಿದೆ" ಎಂದರೆ ಅವರಿಗೇನು, ನಮಗೂ ಅರ್ಥವಾಗದು. "ಸಂಜೆ ಆರಕ್ಕೆ ನಿಮ್ಮ ಓಣಿಯಲ್ಲಿ ಮೊಣಕಾಲು ಮಟ್ಟ, ಎಂಟಕ್ಕೆ ಎದೆಮಟ್ಟ" ಎಂದು ತೆಲುಗಿನಲ್ಲಿ, ಉರ್ದುವಿನಲ್ಲಿ ಹೇಳಿದರೆ ಮಕ್ಕಳನ್ನು, ರೇಷನ್ ಕಾರ್ಡನ್ನು ತೆಗೆದುಕೊಂಡು ಹೊರಡುತ್ತಾರೆ. ಲೆಕ್ಕ ಅಲ್ಲಿಯವರೆಗೆ ಮುಟ್ಟದಿದ್ದರೆ ಅದು ಅರ್ಧ ಲೆಕ್ಕವೇ.

ಇದರಲ್ಲಿ ನಾವು ಮಾಡಬಹುದಾದದ್ದೂ ಇದೆ. ಉಪಗ್ರಹದಿಂದ ಉಚಿತವಾಗಿ ಸಿಗುವ ಎತ್ತರದ ನಕ್ಷೆಗಳಲ್ಲಿ ಒಂದು ಚೌಕ ಸಾಮಾನ್ಯವಾಗಿ 30 ಮೀಟರ್. ನಮ್ಮ ಗಲ್ಲಿ, ಕಾಂಪೌಂಡ್ ಗೋಡೆ, ನಾಲಾ ಯಾವುದೂ ಅದಕ್ಕೆ ಕಾಣುವುದಿಲ್ಲ. ಮಾದರಿ ಹೇಳಿದ್ದು ಸರಿಯೇ ಎಂದು ನೋಡಲು ನೆಲದ ಮೇಲಿನ ಗುರುತು ಬೇಕು. ಆದ್ದರಿಂದ ನೀರು ನುಗ್ಗಿದಾಗ ವಾಟ್ಸಾಪ್‌ಗೆ ವಿಡಿಯೋ ಹಾಕುವುದರ ಜೊತೆಗೆ, ಅದು ಗೋಡೆಯ ಮೇಲೆ ಎಲ್ಲಿಯವರೆಗೆ ಬಂತು ಎಂದು ಪೇಂಟಿನಲ್ಲಿ ಗೆರೆ ಎಳೆದು, ತಾರೀಕು, ಗಂಟೆ ಬರೆದಿಡಿ. ನೆಲದಿಂದ ಟೇಪ್ ಹಿಡಿದು ಅಳತೆ ಮಾಡಿ. ಫ್ಲಾಟ್ ಕೊಳ್ಳುವಾಗ ವಾಸ್ತು ಕೇಳುವಷ್ಟೇ ಖಡಾಖಂಡಿತವಾಗಿ, ಹತ್ತಿರದ ಕೆರೆಯ ಎಫ್‌ಟಿಎಲ್ ಗೆರೆ ಎಲ್ಲಿದೆ, ಬಫರ್ ಜಾಗ ಎಲ್ಲಿಯವರೆಗೆ ಎಂದು ಕೇಳಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಎಲ್ಲಿರುತ್ತಾಳೆ, ಮಳೆಗಾಲದಲ್ಲಿ ಆಕೆಗೆ ಸುದ್ದಿ ಮುಟ್ಟಿಸುವವರು ಯಾರು ಎಂದೂ ಕೇಳಿಟ್ಟುಕೊಳ್ಳಿ.

ನಮ್ಮ ಸಂಘದ ಸದಸ್ಯರು ಊರಿನ ಎಲ್ಲ ದಿಕ್ಕಿನಲ್ಲೂ ಇದ್ದಾರೆ. ಬರುವ ಮಳೆಗಾಲಕ್ಕೆ ಮೊದಲು ಹತ್ತು ಮನೆಯವರಾದರೂ ಇಂಥ ಗುರುತುಗಳನ್ನು ಬರೆದಿಟ್ಟರೆ, ಅವನ್ನು ಒಂದು ನಕ್ಷೆಯಲ್ಲಿ ಸೇರಿಸಿಕೊಡುವ ಕೆಲಸ ನಾನು ಮಾಡುತ್ತೇನೆ. ಹೆಸರು ಕೊಡುವವರು ಊಟಕ್ಕೆ ಏಳುವ ಮುಂಚೆ ಕೊಡಿ.