ಟಿಕ್ಕರ್‌ನಲ್ಲಿ ಓಡಿದ ನವರಂಗ

ಇವತ್ತು ರಾಜಕೀಯ ಇಲ್ಲ. ಇವತ್ತು ಒಂದು ಹಕ್ಕಿಯ ವಿಷಯ. ಜೊತೆಗೆ ನನ್ನದೇ ಒಂದು ತಪ್ಪಿನ ವಿಷಯ.

ಕೆಲವು ವರ್ಷಗಳ ಹಿಂದಿನ ಮಾತು. ಚಳಿಗಾಲ ಆಗಷ್ಟೇ ಶುರುವಾಗ್ತಿತ್ತು. ನಾನಾಗ ಡೆಸ್ಕ್‌ನಲ್ಲಿ ಕೂತು ಟಿಕ್ಕರ್ ಬರೆಯುತ್ತಿದ್ದೆ. ಬೆಂಗಳೂರಿನ ವೀಕ್ಷಕರೊಬ್ಬರು ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದ್ರು. ಅವರ ಹಿತ್ತಲಲ್ಲಿ, ಹಕ್ಕಿಗಳಿಗೆ ಅಂತ ಕಾಳು, ನೀರು ಇಡೋ ಜಾಗದ ಪಕ್ಕ, ನೆಲದ ಮೇಲೆ ಒಂದು ಹಕ್ಕಿ ಮಂಕಾಗಿ ಕೂತಿತ್ತು. ಹಸಿರು ಬೆನ್ನು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಕಣ್ಣಿನ ಮೇಲೆ ದಪ್ಪ ಕಪ್ಪು ಪಟ್ಟಿ, ಹೊಟ್ಟೆಯ ತುದಿಯಲ್ಲಿ ಕೆಂಪು. ಬಾಲ ಮಾತ್ರ ಯಾರೋ ಕತ್ತರಿಸಿದ ಹಾಗೆ ಮೋಟು. ನಾನು ಬರೆದೆ: 'ಬೆಂಗಳೂರಿನಲ್ಲಿ ವಿಚಿತ್ರ ವಿದೇಶಿ ಹಕ್ಕಿ ಪ್ರತ್ಯಕ್ಷ!' ಅದು ದಿನವಿಡೀ ಓಡಿತು.

ಬೆಕ್ಕು ಹಿಡಿದೀತು ಅಂತ ಆ ಮನೆಯವರು ಹಕ್ಕಿಯನ್ನು ಪಂಜರಕ್ಕೆ ಹಾಕಿದರು. ಅಕ್ಕಿ ಹಾಕಿದರು, ರಾಗಿ ಹಾಕಿದರು. ಅದು ಮುಟ್ಟಲಿಲ್ಲ. ಮೂರನೇ ದಿನ ಸತ್ತುಹೋಯಿತು. ಅದೇ ದಿನ ಮಧ್ಯಾಹ್ನ ಹಿರಿಯರೊಬ್ಬರು ಆಫೀಸಿಗೆ ಫೋನ್ ಮಾಡಿದ್ರು. 'ಅದು ನವರಂಗ ಕಣಪ್ಪಾ. ವಿದೇಶದ್ದಲ್ಲ, ನಮ್ಮ ದೇಶದ್ದೇ. ಅದು ಕಾಳು ತಿನ್ನಲ್ಲ, ಹುಳ ತಿನ್ನುತ್ತೆ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನವರಂಗ ಮಳೆಗಾಲದಲ್ಲಿ ಮಧ್ಯ ಭಾರತದ ಕಾಡುಗಳಲ್ಲಿ, ಹಿಮಾಲಯದ ತಪ್ಪಲಿನಲ್ಲಿ ಮರಿ ಮಾಡುತ್ತದೆ. ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೆ, ಶ್ರೀಲಂಕಾಕ್ಕೆ ಬರುತ್ತದೆ. ಬಂದಿಳಿಯುವಾಗ ಸುಸ್ತಾಗಿ ಮನೆಯೊಳಗೆ ನುಗ್ಗುವುದೂ ಉಂಟು, ಗಾಜಿಗೆ ಡಿಕ್ಕಿ ಹೊಡೆಯುವುದೂ ಉಂಟು. ಅಷ್ಟು ದೂರ ಹಾರಿ ಬಂದ ಜೀವ ನಮ್ಮ ಹಿತ್ತಲಲ್ಲಿ, ಅಕ್ಕಿ ತಟ್ಟೆಯ ಮುಂದೆ, ಹಸಿವಿನಿಂದ ಸತ್ತಿತು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಹೆಸರು ಗೊತ್ತಾದರೆ ಅದು ಏನು ತಿನ್ನುತ್ತೆ, ಎಲ್ಲಿಂದ ಬಂತು, ನಾವೇನು ಮಾಡಬೇಕು, ಏನು ಮಾಡಬಾರದು, ಎಲ್ಲವೂ ಗೊತ್ತಾಗುತ್ತೆ.

ಹಾಗಾದ್ರೆ ಗುರುತಿಸೋದು ಹೇಗೆ? ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಲಿಸೋ ಮೊದಲ ಪಾಠ, ಸಾಮಾನ್ಯ ಕಾರಣಗಳನ್ನು ಮೊದಲು ಪರೀಕ್ಷಿಸು ಅಂತ. ಪಪ್ಪಾಯಿ ತಿನ್ನೋಕೆ ಬಂದ, ಮೈತುಂಬ ಬಿಳಿ ಚುಕ್ಕೆಯ ಕಂದು ಹಕ್ಕಿಯನ್ನು ನೋಡಿ 'ಗಿಡುಗ ಬಂದಿದೆ' ಅಂತ ಎಷ್ಟೋ ಜನ ವಿಡಿಯೋ ಕಳಿಸ್ತಾರೆ. ಅದು ಹೆಣ್ಣು ಕೋಗಿಲೆ. ಬಿಳಿ ಗರಿ ಇರೋ ಕಾಗೆ ಬೇರೆ ಜಾತಿಯಲ್ಲ, ಬಣ್ಣದ ಅಂಶ ಕಡಿಮೆಯಾದ ಕಾಗೆಯೇ.

ಬಣ್ಣವೊಂದನ್ನೇ ನಂಬಬೇಡಿ. ಗಾತ್ರ ನೋಡಿ: ಗುಬ್ಬಿಯಷ್ಟಾ, ಮೈನಾದಷ್ಟಾ, ಕಾಗೆಯಷ್ಟಾ? ಕೊಕ್ಕು ನೋಡಿ: ದಪ್ಪ, ಗಿಡ್ಡ ಕೊಕ್ಕಿದ್ದರೆ ಕಾಳು ಒಡೆಯುವ ಹಕ್ಕಿ ಇರಬಹುದು. ತೆಳು ಕೊಕ್ಕಾದರೆ ಹುಳ ಹಿಡಿಯುವುದಿರಬಹುದು. ಅಂಥವು ನಿಮ್ಮ ಕಾಳಿಗೆ ಬರಲ್ಲ, ನೀರಿನ ಬೋಗುಣಿಗೆ ಬರ್ತವೆ. ನಡತೆ ನೋಡಿ: ಒದ್ದೆ ನೆಲದಲ್ಲಿ ಉದ್ದ ಬಾಲ ಕುಣಿಸುತ್ತಾ ಓಡಾಡುತ್ತಿದ್ದರೆ ಕುಂಡೆಕುಸ್ಕ. ತರಗೆಲೆ ಕೆದಕುತ್ತಾ ನೆಲದಲ್ಲೇ ಕುಪ್ಪಳಿಸುತ್ತಾ, ಬೆಳಗ್ಗೆ ಸಂಜೆ ಎರಡು ಸ್ವರದ ಸಿಳ್ಳೆ ಹಾಕಿದರೆ ನಿಮ್ಮ ಮನೆಗೆ ನವರಂಗ ಬಂದಿರಬಹುದು. ದಿನಾಂಕ ಬರೆದಿಡಿ, ಯಾಕಂದ್ರೆ ವಲಸೆ ಹಕ್ಕಿಗೆ ಕ್ಯಾಲೆಂಡರ್ ಉಂಟು. ದೂರದಿಂದಲೇ ಫೋಟೋ ತೆಗೆಯಿರಿ. ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್ ಉಚಿತ. ಅದು ಫೋಟೋದಿಂದಲೂ ಕೂಗಿನಿಂದಲೂ ಹೆಸರು ಸೂಚಿಸುತ್ತೆ. ಆದರೆ ಅದೂ ತಪ್ಪಬಹುದು, ಪುಸ್ತಕದ ಜೊತೆ ಹೋಲಿಸಿ.

ಗಾಜಿಗೆ ಬಡಿದು ಬಿದ್ದಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಸುರಿಯಬೇಡಿ. ಚೇತರಿಸಿಕೊಂಡರೆ ಹಾರಿಬಿಡಿ. ಇಲ್ಲವಾದರೆ ಅರಣ್ಯ ಇಲಾಖೆಗೋ, ವನ್ಯಜೀವಿ ರಕ್ಷಕರಿಗೋ ಫೋನ್ ಮಾಡಿ. ಕಾಡುಹಕ್ಕಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಈಗ ನಮ್ಮ ಡೆಸ್ಕ್‌ನಲ್ಲಿ ಹಕ್ಕಿ ವಿಡಿಯೋ ಬಂದರೆ ಹುಡುಗರು ಮೊದಲು ನನ್ನ ಹತ್ತಿರ ತರ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿರೋರಿಗೆ ಫೋನ್ ಮಾಡ್ತೀನಿ. 'ವಿಚಿತ್ರ' ಅನ್ನೋ ಪದ ಮಾತ್ರ ಬರೆಯೋಕೆ ಬಿಡಲ್ಲ. ಹಕ್ಕಿ ವಿಚಿತ್ರ ಆಗಿರಲಿಲ್ಲ, ವೀಕ್ಷಕರೇ. ನನಗೆ ಗೊತ್ತಿರಲಿಲ್ಲ.

ನಾಳೆ ಬೆಳಗ್ಗೆ ಟಿವಿ ಹಾಕೋಕೆ ಮುಂಚೆ ಐದು ನಿಮಿಷ ಹಿತ್ತಲು ನೋಡಿ.